ಓಟದ ಗೆರೆಯ ಮುಂದೆ ನಿಂತ ಮಕ್ಕಳು

(ಬಾಲಯೇಸುವಿನ ಹಬ್ಬದ ಬಲಿಪೂಜೆಯಲ್ಲಿ ಮಾಗಳದ ಕುಟುಂಬಗಳಿಗೆ ನೀಡಿದ ಪ್ರಬೋಧನೆ. ವಾಚನಗಳು: ಆದಿಕಾಂಡ 33:1-14, 1 ಕೊರಿಂಥ 9:24-27, ಮಾರ್ಕ 9:30-37)



 ಒಂಬತ್ತು ದಿನಗಳ ನವೇನ ಪ್ರಾರ್ಥನೆಯನ್ನು ಭಕ್ತಿಯಿಂದ ಮುಗಿಸಿ, ಮಲ್ಲಿಗೆಯ ಮಾಲೆಗಳನ್ನು ಹಿಡಿದು, ಮಕ್ಕಳು ಮರಿಗಳೊಂದಿಗೆ ನೀವು ಇಲ್ಲಿ ನೆರೆದಿದ್ದೀರಿ. ಬಲಿಪೂಜೆಯ ನಂತರ ಊಟ, ಊಟದ ನಂತರ ಮಕ್ಕಳಿಗೆ ಆಟೋಟಗಳಿವೆ. ಓಟದ ಸ್ಪರ್ಧೆಗೆ ಹೆಸರು ಕೊಟ್ಟವರ ಪಟ್ಟಿ ಈಗಾಗಲೇ ಉದ್ದವಾಗಿದೆ. ಆದುದರಿಂದ ಇಂದಿನ ದೈವವಾಕ್ಯವನ್ನು ಆ ಓಟದ ಮೈದಾನದಲ್ಲೇ ನಿಂತು ಧ್ಯಾನಿಸೋಣ.

ಇಂದಿನ ಶುಭಸಂದೇಶವೂ ದಾರಿಯ ಮೇಲೆಯೇ ಆರಂಭವಾಗುತ್ತದೆ. ಯೇಸುಸ್ವಾಮಿ ಶಿಷ್ಯರೊಂದಿಗೆ ಗಲಿಲೇಯವನ್ನು ಹಾದು ಕಫೆರ್ನವುಮಿಗೆ ಬರುತ್ತಿದ್ದಾರೆ. ತಾವು ಶತ್ರುಗಳ ಕೈಗೆ ಸಿಕ್ಕಿ ಸಾಯಬೇಕಾಗಿದೆ ಎಂಬ ಭಾರವಾದ ಮಾತನ್ನು ಅವರು ಆಗತಾನೇ ಹೇಳಿದ್ದಾರೆ. ಆದರೆ ಶಿಷ್ಯರ ತಲೆಯಲ್ಲಿ ಇರುವುದು ಬೇರೆಯೇ ಮಾತು. ನಮ್ಮಲ್ಲಿ ದೊಡ್ಡವರು ಯಾರು, ಮುಂದಿರುವವರು ಯಾರು ಎಂದು ಅವರು ದಾರಿಯುದ್ದಕ್ಕೂ ವಾದ ಮಾಡಿದ್ದಾರೆ. ಮನೆ ಸೇರಿದ ಮೇಲೆ ಸ್ವಾಮಿ ಅದೇನೆಂದು ಕೇಳಿದಾಗ ಒಬ್ಬರ ಬಾಯಿಂದಲೂ ಮಾತು ಹೊರಡುವುದಿಲ್ಲ. ಆಗ ಅವರು ಕುಳಿತುಕೊಂಡು, ಹನ್ನೆರಡು ಮಂದಿಯನ್ನೂ ಕರೆದು, ಮೊದಲಿಗನಾಗಬೇಕೆನ್ನುವವನು ಎಲ್ಲರಿಗಿಂತ ಕಡೆಯವನಾಗಿ ಎಲ್ಲರ ಸೇವೆ ಮಾಡಲಿ ಎಂದು ಬೋಧಿಸುತ್ತಾರೆ. ಬಳಿಕ ಒಂದು ಮಗುವನ್ನು ಕರೆತಂದು ಅವರ ನಡುವೆ ನಿಲ್ಲಿಸಿ, ಅದನ್ನು ಅಪ್ಪಿಕೊಳ್ಳುತ್ತಾರೆ.

ಆ ಮಗುವನ್ನು ಸ್ವಾಮಿ ಎಲ್ಲಿ ನಿಲ್ಲಿಸಿದರು ಎಂಬುದನ್ನು ದಯವಿಟ್ಟು ಗಮನಿಸಿರಿ. ಶಿಷ್ಯರ ಮುಂದೆ ಒಂಟಿಯಾಗಿ ಬಿಡಲಿಲ್ಲ. ಅವರ ಬೆನ್ನ ಹಿಂದೆ ಮೂಲೆಯಲ್ಲೂ ಕೂರಿಸಲಿಲ್ಲ. ನಡುವೆ ನಿಲ್ಲಿಸಿದರು, ಸುತ್ತಲೂ ತಮ್ಮ ತೋಳುಗಳನ್ನು ಬಳಸಿದರು. ಇಂದು ನಾನು ನಿಮಗೆ ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನಲ್ಲಿದೆ.

ಈಗ ನಮ್ಮ ಓಟಗಳನ್ನು ನೋಡೋಣ. ಗಣರಾಜ್ಯೋತ್ಸವವಿರಲಿ, ಶಾಲೆಯ ಕ್ರೀಡಾಕೂಟವಿರಲಿ, ಧರ್ಮಕೇಂದ್ರದ ಹಬ್ಬವಿರಲಿ, ಓಟ ಎಂದು ಮೈಕಿನಲ್ಲಿ ಕೂಗಿದರೆ ಸಾಕು, ಸುಣ್ಣದ ಗೆರೆ ಎಳೆದು ಮುಗಿಯುವ ಮೊದಲೇ ಅದರ ಮೇಲೆ ಸಾಲಾಗಿ ನಿಲ್ಲುವವರು ಯಾರು? ಐದು, ಆರು ವರ್ಷದ ಪುಟಾಣಿಗಳು. ಚಪ್ಪಲಿ ಬಿಚ್ಚಿ ಅಮ್ಮನ ಕೈಗೆ ಕೊಟ್ಟಿರುತ್ತಾರೆ. ಒಂದು ಕಾಲು ಗೆರೆ ದಾಟಿರುತ್ತದೆ. ಮೇಷ್ಟ್ರು ಒಂದು ಹೆಜ್ಜೆ ಹಿಂದಕ್ಕೆ ತಳ್ಳಿದರೆ, ಅವರು ತಿರುಗಿದ ಕೂಡಲೇ ಎರಡು ಹೆಜ್ಜೆ ಮುಂದಕ್ಕೆ ಬಂದಿರುತ್ತಾರೆ. ಅವರ ಬೆನ್ನ ಹಿಂದೆ ಹೈಸ್ಕೂಲಿನ ಹುಡುಗರು, ಅವರ ಹಿಂದೆ ಕಾಲೇಜಿನವರು. ಪಕ್ಕದಲ್ಲಿ ಅಪ್ಪ ಅಮ್ಮಂದಿರು ಮೊಬೈಲ್ ಹಿಡಿದು, ನಮ್ಮವನು ಇನ್ನೂ ಸ್ವಲ್ಪ ಮುಂದೆ ನಿಲ್ಲಲಿ ಎಂದು ಕೈಸನ್ನೆ ಮಾಡುತ್ತಿರುತ್ತಾರೆ.

ಆ ಮಕ್ಕಳದು ತಪ್ಪೆಂದು ನಾನು ಹೇಳುವುದಿಲ್ಲ. ಓಡಬೇಕೆನ್ನುವ ಆಸೆ ದೇವರೇ ಕೊಟ್ಟದ್ದು. ಎದುರಿಗೆ ಬಯಲು ಕಂಡರೆ ಮಗು ಓಡುತ್ತದೆ. ಅದಕ್ಕೆ ಬಹುಮಾನ ಬೇಕಿಲ್ಲ. ಮುಂದೆ ನಿಂತರೆ ಮೊದಲು ಮುಟ್ಟುತ್ತೇನೆ ಎಂಬುದು ಅದರ ಪುಟ್ಟ ಲೆಕ್ಕ. ಆದರೆ ದೊಡ್ಡವರಾದ ನಮ್ಮ ಲೆಕ್ಕ ಅಷ್ಟಕ್ಕೇ ನಿಲ್ಲಬಾರದು.

ಸೀಟಿ ಊದಿದಾಗ ಆಗುವುದೇನು? ಮುಂದಿನ ಸಾಲಿನ ಮಗು ಇದ್ದ ಶಕ್ತಿಯನ್ನೆಲ್ಲ ಹಾಕಿ ಮೂವತ್ತು, ನಲವತ್ತು ಹೆಜ್ಜೆ ಓಡುತ್ತದೆ. ಆಮೇಲೆ ಏದುಸಿರು ಬಂದು ಥಟ್ಟನೆ ನಿಲ್ಲುತ್ತದೆ, ಅಥವಾ ಅಮ್ಮ ಎಲ್ಲಿ ಎಂದು ತಿರುಗಿ ನೋಡುತ್ತದೆ, ಅಥವಾ ಎಡವಿ ಬೀಳುತ್ತದೆ. ಅಷ್ಟರಲ್ಲಿ ಹಿಂದಿನ ಸಾಲಿನ ದೊಡ್ಡ ಹುಡುಗ ಪೂರ್ತಿ ವೇಗಕ್ಕೆ ಬಂದಿರುತ್ತಾನೆ. ಗುಂಪಿನಲ್ಲಿ ಅವನಿಗೆ ಕಾಣುವುದು ತನ್ನ ಮುಂದಿನವನ ಬೆನ್ನು ಮಾತ್ರ. ಸೊಂಟದ ಎತ್ತರಕ್ಕೂ ಬಾರದ ಮಗು ಕಾಣುವುದಿಲ್ಲ. ಕಂಡರೂ ಓಡುವ ಕಾಲಿಗೆ ಆ ಕ್ಷಣದಲ್ಲೇ ನಿಲ್ಲಲು ಆಗುವುದಿಲ್ಲ. ಅವನು ಕೆಟ್ಟ ಹುಡುಗನೇನಲ್ಲ. ಅವನ ಹಿಂದೆ ಇನ್ನೂ ಇಪ್ಪತ್ತು ಮಂದಿ ನುಗ್ಗಿ ಬರುತ್ತಿದ್ದಾರೆ. ಮಗುವಿಗೆ ಅತಿ ದೊಡ್ಡ ಗೌರವದ ಜಾಗ ಎಂದು ನಾವು ಕೊಟ್ಟದ್ದು, ಒಂದೇ ನಿಮಿಷದಲ್ಲಿ ಅತಿ ದೊಡ್ಡ ಅಪಾಯದ ಜಾಗವಾಗುತ್ತದೆ.

ಗುಂಪಿನ ಗುಣವೇ ಹೀಗೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತವಾಗಿ 11 ಮಂದಿ ತೀರಿಕೊಂಡರು. ಅವರಲ್ಲಿ ಶಾಲೆಗೆ ಹೋಗುವ ಒಬ್ಬ ಬಾಲಕಿಯೂ ಇದ್ದಳು. ಅಲ್ಲಿಗೆ ಬಂದವರೆಲ್ಲ ಒಂದು ಗೆಲುವನ್ನು ಸಂಭ್ರಮಿಸಲು ಬಂದವರು, ಯಾರನ್ನೂ ತುಳಿಯಬೇಕೆಂದು ಬಂದವರಲ್ಲ. ಇಂಥ ಕಡೆ ಹಿಂದಿನವರಿಗೆ ಮುಂದೇನಾಗುತ್ತಿದೆ ಎಂದು ಕಾಣುವುದಿಲ್ಲ, ಮುಂದಿನವರಿಗೆ ಹಿಂದಕ್ಕೆ ಸರಿಯಲು ಜಾಗವಿರುವುದಿಲ್ಲ. ನಮ್ಮ ಕೊಟ್ಟೂರಿನ ತೇರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೇರು ಎಳೆಯುವಾಗ ತಂದೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ. ಚೆನ್ನಾಗಿ ಕಾಣಲಿ ಎಂದು ಗಾಲಿಯ ಮುಂದೆ ನಿಲ್ಲಿಸುವುದಿಲ್ಲ.

ಓಟವನ್ನು ಬಲ್ಲವರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಸಂತ ಪೌಲರು ಇಂದಿನ ಎರಡನೇ ವಾಚನದಲ್ಲಿ ಓಟದ ಉಪಮೆಯನ್ನು ಬಳಸಿದ್ದು ಸುಮ್ಮನೆ ಅಲ್ಲ. ಕೊರಿಂಥ ಪಟ್ಟಣದ ಹತ್ತಿರವೇ ಎರಡು ವರ್ಷಕ್ಕೊಮ್ಮೆ ಇಸ್ತ್‌ಮಿಯನ್ ಕ್ರೀಡೆಗಳು ನಡೆಯುತ್ತಿದ್ದವು. ಅಲ್ಲಿನ ಜನರಿಗೆ ಓಟ ಎಂದರೇನು, ಬಾಡಿಹೋಗುವ ಎಲೆಯ ಕಿರೀಟ ಎಂದರೇನು ಎಂದು ಗೊತ್ತಿತ್ತು. ಆ ಕ್ರೀಡೆಗಳಲ್ಲಿ ಬಾಲಕರು, ಗಡ್ಡ ಬಾರದ ಯುವಕರು, ಗಂಡಸರು ಎಂದು ಮೂರು ವಿಭಾಗಗಳಿದ್ದವು. ಒಲಿಂಪಿಯದಲ್ಲಂತೂ ಕ್ರಿಸ್ತಪೂರ್ವ 632ರಲ್ಲೇ ಬಾಲಕರಿಗೆ ಪ್ರತ್ಯೇಕ ಓಟ ಆರಂಭವಾಯಿತು. ಎಲ್ಲರೂ ಓಡಲಿ, ಆದರೆ ಬಾಲಕನು ಬಾಲಕರೊಡನೆ ಓಡಲಿ ಎಂಬ ವಿವೇಕ ಆ ಜನರಲ್ಲಿತ್ತು.

ಇಂದಿನ ನಗರದ ಓಟಗಳಲ್ಲೂ ಅದೇ ಕ್ರಮವಿದೆ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ವರ್ಲ್ಡ್ 10ಕೆ ಓಟದಲ್ಲಿ ಅಂತರರಾಷ್ಟ್ರೀಯ ಓಟಗಾರರಿಗೆ, ಸಾಮಾನ್ಯರಿಗೆ, ಹಿರಿಯ ನಾಗರಿಕರಿಗೆ, ಸಂತೋಷಕ್ಕಾಗಿ ಓಡುವವರಿಗೆ ಬೇರೆ ಬೇರೆ ವಿಭಾಗಗಳಿರುತ್ತವೆ. ದೊಡ್ಡ ಓಟಗಳಲ್ಲಿ ವೇಗದವರನ್ನು ಮೊದಲು ಬಿಟ್ಟು, ನಿಧಾನವಾಗಿ ಓಡುವವರನ್ನೂ ನಡೆಯುವವರನ್ನೂ ತಂಡ ತಂಡವಾಗಿ ಆಮೇಲೆ ಬಿಡುತ್ತಾರೆ. ಇದರಿಂದ ಹಿಂದಿದ್ದವರಿಗೆ ಅನ್ಯಾಯವಾಗುವುದಿಲ್ಲವೇ? ಇಲ್ಲ. ಓಟಗಾರನ ಎದೆಯ ಚೀಟಿಯಲ್ಲೋ ಬೂಟಿನಲ್ಲೋ ಒಂದು ಪುಟ್ಟ ಚಿಪ್ ಇಟ್ಟಿರುತ್ತಾರೆ. ಅವನು ಗೆರೆ ದಾಟಿದಾಗ ಅವನ ಗಡಿಯಾರ ಶುರುವಾಗುತ್ತದೆ. ಹತ್ತು ನಿಮಿಷ ತಡವಾಗಿ ಹೊರಟವನ ಹತ್ತು ನಿಮಿಷವನ್ನು ಅವನ ತಲೆಗೆ ಕಟ್ಟುವುದಿಲ್ಲ. ಪ್ರಿಯರೇ, ದ್ರಾಕ್ಷಿತೋಟದ ಯಜಮಾನನೂ ಹಾಗೆಯೇ ಅಲ್ಲವೇ? ಸಂಜೆ ಐದಕ್ಕೆ ಬಂದ ಕೂಲಿಯವನಿಗೆ, ನೀನೇಕೆ ಬೆಳಿಗ್ಗೆಯಿಂದ ಇರಲಿಲ್ಲ ಎಂದು ಅವನು ಕೂಲಿ ಮುರಿಯಲಿಲ್ಲ. ದೇವರು ಪ್ರತಿಯೊಬ್ಬರ ಲೆಕ್ಕವನ್ನೂ ಅವರವರ ಗೆರೆಯಿಂದ ಇಡುತ್ತಾರೆ.

ಇಲ್ಲಿ ನಿಮ್ಮಲ್ಲಿ ಕೆಲವರು ಕೇಳಬಹುದು: "ಫಾದರ್, ಮಕ್ಕಳು ನನ್ನ ಬಳಿಗೆ ಬರಲಿ, ಅಡ್ಡಿಮಾಡಬೇಡಿ ಎಂದು ಸ್ವಾಮಿಯೇ ಹೇಳಲಿಲ್ಲವೇ? ನೀವು ಮಕ್ಕಳನ್ನು ಹಿಂದಕ್ಕೆ ಕಳಿಸಿ ಅನ್ನುತ್ತೀರಲ್ಲ?" ಒಳ್ಳೆಯ ಪ್ರಶ್ನೆ. ಆದರೆ ಸ್ವಾಮಿ ಗದರಿಸಿದ್ದು ಯಾರನ್ನು? ಮಕ್ಕಳಿಗೆ ದಾರಿ ಕೊಡದೆ ಅಡ್ಡ ನಿಂತ ದೊಡ್ಡವರನ್ನು. ಬಂದ ಮಕ್ಕಳನ್ನು ಅವರು ಅಪ್ಪಿಕೊಂಡು, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಮಗುವನ್ನು ಮುಂದೆ ತಳ್ಳುವುದು ಬೇರೆ, ಮಗುವಿಗೆ ದಾರಿ ಬಿಡುವುದು ಬೇರೆ. ಹಿಂದಕ್ಕೆ ಹೋಗು ಎಂದು ಗದರಿಸುವುದೂ ನನ್ನ ಮಾತಿನ ಅರ್ಥವಲ್ಲ. ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ, ನಡುವೆ.

ಇದನ್ನು ಹೊಳೆದಂಡೆಯವರಾದ ನಿಮಗೆ ನಾನು ಕಲಿಸಬೇಕಾಗಿಲ್ಲ. ಸಂಕ್ರಾಂತಿಯ ಈ ದಿನಗಳಲ್ಲಿ ಜನ ಬುತ್ತಿ ಕಟ್ಟಿಕೊಂಡು ತುಂಗಭದ್ರೆಯ ದಂಡೆಗೆ ಬರುತ್ತಾರೆ. ನೀರು ಇಳಿದ ಕಡೆ ಹೊಳೆ ದಾಟುವಾಗ ಮಗುವನ್ನು ಎಲ್ಲಿ ಇಟ್ಟುಕೊಳ್ಳುತ್ತೀರಿ? ಮುಂದೆ ಬಿಟ್ಟರೆ ಮಡು ಎಲ್ಲಿದೆಯೋ ಅದಕ್ಕೆ ಗೊತ್ತಿಲ್ಲ. ಹಿಂದೆ ಬಿಟ್ಟರೆ ಸೆಳವು ಎಳೆದರೂ ನಿಮಗೆ ತಿಳಿಯುವುದಿಲ್ಲ. ಆದ್ದರಿಂದ ಅಪ್ಪ ಒಂದು ಕೈ, ಅಮ್ಮ ಒಂದು ಕೈ ಹಿಡಿದು ನಡುವೆ ನಡೆಸುತ್ತೀರಿ. ನೀರಿನ ಆಳವನ್ನು ಮೊದಲು ನೋಡುವುದು ಅಪ್ಪನ ಕಾಲು. ನಡಿಗೆಯ ವೇಗ ಮಾತ್ರ ಮಗುವಿನದು. ಹೊಳೆಯಲ್ಲಿ ಇಷ್ಟು ಚೆನ್ನಾಗಿ ಬಲ್ಲ ನಾವು ನೆಲದ ಮೇಲೆ ಬಂದಾಗ ಏಕೆ ಮರೆಯುತ್ತೇವೆ?

ಮಗುವನ್ನು ನಡುವೆ ಇಟ್ಟುಕೊಳ್ಳುವುದು ಎಂದರೇನು? ಮೂರು ಮಾತುಗಳಲ್ಲಿ ನೋಡೋಣ.

ಮೊದಲನೆಯದಾಗಿ, ಅಪಾಯದ ಕಡೆ ದೊಡ್ಡವರು ನಿಲ್ಲಬೇಕು. ನಾವು ಇಂದು ಗೌರವಿಸುವ ಬಾಲಯೇಸುವಿನ ಪ್ರತಿಮೆಯ ಕಥೆ ನಿಮಗೆ ಗೊತ್ತಿರಬಹುದು. 1628ರಲ್ಲಿ ಪೊಲಿಕ್ಸೆನಾ ಎಂಬ ರಾಜಮನೆತನದ ಮಹಿಳೆ ಮೇಣ ಹೊದಿಸಿದ ಆ ಪುಟ್ಟ ಮರದ ಪ್ರತಿಮೆಯನ್ನು ಪ್ರಾಗ್ ನಗರದ ಕಾರ್ಮೆಲ್ ಸಭೆಯ ಗುರುಗಳಿಗೆ ಕೊಟ್ಟರು. ಅದರ ಎತ್ತರ ಸುಮಾರು 47 ಸೆಂಟಿಮೀಟರ್, ಒಂದು ಮೊಳಕ್ಕೆ ತುಸು ಹೆಚ್ಚು. ಮೂರು ವರ್ಷ ಕಳೆಯುವುದರಲ್ಲಿ ಯುದ್ಧ ಬಂತು. 1631ರಲ್ಲಿ ಸ್ಯಾಕ್ಸನಿಯ ಸೈನ್ಯ ನಗರಕ್ಕೆ ನುಗ್ಗಿತು, ದೇವಾಲಯ ಲೂಟಿಯಾಯಿತು, ಪ್ರತಿಮೆ ಬಲಿಪೀಠದ ಹಿಂದೆ ಕಸದ ರಾಶಿಯಲ್ಲಿ ಬಿತ್ತು. 1637ರಲ್ಲಿ ಸಿರಿಲ್ ಎಂಬ ಗುರುಗಳು ಹುಡುಕಿ ತೆಗೆದಾಗ ಅದರ ಎರಡೂ ಕೈಗಳು ಮುರಿದಿದ್ದವು.

ದೊಡ್ಡವರು ಒಬ್ಬರನ್ನೊಬ್ಬರು ಗೆಲ್ಲಲು ಓಡಿದಾಗ ಕೈ ಮುರಿದದ್ದು ಮಗುವಿನದು. ಇಂದಿಗೂ ಹಾಗೆಯೇ. ಗಂಡ ಹೆಂಡತಿಯ ಜಗಳದಲ್ಲಿ, ಅಣ್ಣ ತಮ್ಮಂದಿರ ಹೊಲದ ತಕರಾರಿನಲ್ಲಿ, ಅಪ್ಪನ ಕುಡಿತದಲ್ಲಿ ಮುಂದಿನ ಸಾಲಿನಲ್ಲಿ ನಿಂತಿರುವುದು ಮಗು. ನಿಮ್ಮ ಅಪ್ಪನಿಗೆ ಹೋಗಿ ಹೇಳು ಎಂದು ಅಮ್ಮ, ನಿಮ್ಮ ಅಮ್ಮನಿಗೆ ಹೋಗಿ ಹೇಳು ಎಂದು ಅಪ್ಪ ಆ ಪುಟ್ಟ ಬಾಯಲ್ಲಿ ಬೈಗುಳ ಹೊರಿಸಿ ಕಳಿಸುತ್ತಾರೆ. ಇದು ಮಗುವನ್ನು ನಡುವೆ ಇಟ್ಟುಕೊಳ್ಳುವುದಲ್ಲ, ಗುರಾಣಿ ಮಾಡಿಕೊಳ್ಳುವುದು.

ಯಕೋಬನನ್ನು ನೋಡಿರಿ. ಎದುರಿನಿಂದ ಅಣ್ಣ ಏಸಾವನು ನಾನೂರು ಮಂದಿಯೊಂದಿಗೆ ಬರುತ್ತಿದ್ದಾನೆ. ಅಣ್ಣನ ಮನಸ್ಸಿನಲ್ಲಿ ಹಳೆಯ ಸಿಟ್ಟಿದೆಯೋ ಇಲ್ಲವೋ ತಿಳಿಯದು. ಯಕೋಬನು ಹೆಂಡಿರು ಮಕ್ಕಳನ್ನು ಗುಂಪು ಮಾಡಿ ನಿಲ್ಲಿಸಿದ ಮೇಲೆ, ತಾನೇ ಅವರೆಲ್ಲರಿಗಿಂತ ಮುಂದೆ ಹೋಗಿ ಏಳು ಸಾರಿ ನೆಲಕ್ಕೆ ಬಗ್ಗುತ್ತಾನೆ. ಭಯ ಅವನಿಗೂ ಇತ್ತು. ಆದರೂ ಏಟು ಬೀಳುವುದಾದರೆ ಮೊದಲು ತನ್ನ ಮೇಲೆ ಬೀಳಲಿ ಎಂದು ಮುಂದೆ ನಡೆದ. ನಮ್ಮ ಸ್ವಾಮಿಯೂ ಹಾಗೆಯೇ. ಜೆರುಸಲೇಮಿಗೆ, ಶಿಲುಬೆಯ ಕಡೆಗೆ ಹೋಗುವಾಗ ಅವರು ಶಿಷ್ಯರ ಮುಂದೆ ಮುಂದೆ ನಡೆಯುತ್ತಿದ್ದರು ಎಂದು ಸಂತ ಮಾರ್ಕ ಬರೆಯುತ್ತಾರೆ. ಮುಂದಿನ ಸಾಲು ಅವರಿಗೆ ಸೇರಿದ್ದು, ಅವರ ಹೆಸರಿನಲ್ಲಿ ತಂದೆತಾಯಿಯಾದ ನಿಮಗೆ ಸೇರಿದ್ದು.

ಎರಡನೆಯದಾಗಿ, ನಡಿಗೆಯ ವೇಗ ಮಗುವಿನದಾಗಿರಬೇಕು. ಅಣ್ಣ ತಮ್ಮಂದಿರು ಅಪ್ಪಿಕೊಂಡು ಅತ್ತ ಮೇಲೆ, ಬಾ, ಒಟ್ಟಿಗೆ ಹೋಗೋಣ ಎಂದು ಏಸಾವ ಕರೆಯುತ್ತಾನೆ. ಆಗ ಯಕೋಬ ಹೇಳುವ ಉತ್ತರ ಎಲ್ಲ ತಂದೆಯರ ಮನೆಯ ಗೋಡೆಯ ಮೇಲೆ ಇರಬೇಕಾದದ್ದು: ಮಕ್ಕಳು ಎಳೆಯರು, ಹಾಲು ಕುಡಿಸುವ ಕುರಿದನಗಳೂ ಇವೆ, ಒಂದೇ ದಿನ ಹೆಚ್ಚಾಗಿ ಓಡಿಸಿದರೂ ಮಂದೆ ಉಳಿಯದು, ನೀನು ಮುಂದೆ ಹೋಗಣ್ಣಾ, ನಾನು ಮಕ್ಕಳ ಹೆಜ್ಜೆಗೆ ತಕ್ಕಂತೆ ಮೆಲ್ಲಗೆ ಬರುತ್ತೇನೆ. ಬಲಶಾಲಿಯಾದ ಅಣ್ಣನ ಎದುರು ಅವನಿಗೆ ಇದನ್ನು ಹೇಳಲು ನಾಚಿಕೆಯಾಗಲಿಲ್ಲ.

ಇದಕ್ಕೆ ವಿರುದ್ಧವಾದ ಒಂದು ಘಟನೆಯನ್ನು ನಮ್ಮ ದೇಶವೇ ನೋಡಿದೆ. 2006ರ ಮೇ 2ರಂದು ಒಡಿಶಾದ ಬುಧಿಯಾ ಸಿಂಗ್ ಎಂಬ ನಾಲ್ಕು ವರ್ಷದ ಬಾಲಕ ಪುರಿಯಿಂದ ಭುವನೇಶ್ವರದ ಕಡೆಗೆ ಓಡಿದ. ಏಳು ಗಂಟೆಗಳಲ್ಲಿ 65 ಕಿಲೋಮೀಟರ್! ಗುರಿ ಇದ್ದದ್ದು 70 ಕಿಲೋಮೀಟರ್. ಅದನ್ನು ಮುಟ್ಟುವ ಮೊದಲೇ ಆ ಕೂಸು ಕುಸಿಯಿತು. ಮಾಗಳದಿಂದ ಹೊರಟು ಹಡಗಲಿಯನ್ನು ದಾಟಿ ಇನ್ನೂ ಎಷ್ಟು ದೂರ ಹೋದರೆ 65 ಕಿಲೋಮೀಟರ್ ಆಗುತ್ತದೆ ಎಂದು ನೀವೇ ಲೆಕ್ಕ ಹಾಕಿರಿ. ದಾರಿಯುದ್ದಕ್ಕೂ ಜನ ಚಪ್ಪಾಳೆ ತಟ್ಟಿದರು, ದಾಖಲೆಯ ಪುಸ್ತಕದಲ್ಲಿ ಹೆಸರು ಬಂತು. ಬಳಿಕ ಸರ್ಕಾರ ಅಂಥ ದೀರ್ಘ ಓಟಗಳನ್ನು ತಡೆಯಿತು. 2016ರಲ್ಲಿ ಅದರ ಮೇಲೆ ಸಿನಿಮಾ ಕೂಡ ಬಂತು. ಎಳೆಯ ಮೂಳೆಗಳ ತುದಿಯಲ್ಲಿ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ, ಬಿಸಿಲಿನಲ್ಲಿ ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ ಎಂದು ವೈದ್ಯರು ಹೇಳುತ್ತಾರೆ. ಆ ಮಗುವಿಗೆ ಓಡುವ ವರವಿತ್ತು, ನಿಜ. ಆದರೆ ಒಂದು ಕೂಸು ತನ್ನ ಹೆಜ್ಜೆಯಲ್ಲಿ ನಡೆಯುವುದನ್ನು ನೋಡಿ ಚಪ್ಪಾಳೆ ತಟ್ಟುವವರು ಅಷ್ಟೊಂದು ಮಂದಿ ಸಿಗುತ್ತಾರೆಯೇ?

ನಮ್ಮ ಕಡೆಯ ಮಕ್ಕಳು ಅಂಥ ಓಟ ಓಡುವುದಿಲ್ಲ ಎನ್ನಬೇಡಿ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಯ ಹಳ್ಳಿಗಳಿಂದ ಮಳೆ ಕೈಕೊಟ್ಟ ವರ್ಷ ಎಷ್ಟೋ ಕುಟುಂಬಗಳು ಗುಳೆ ಹೋಗುತ್ತವೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಕ್ಕೆ, ಕಬ್ಬು ಕಡಿಯಲು. ಹೊಟ್ಟೆಪಾಡಿಗಾಗಿ ಹೋಗುವವರನ್ನು ಬಲಿಪೀಠದಲ್ಲಿ ನಿಂತು ಬೈಯುವುದು ಸುಲಭ. ಅದು ನನ್ನ ಉದ್ದೇಶವಲ್ಲ. ಆದರೆ ಹೋಗುವಾಗ ನಾಲ್ಕನೇ ತರಗತಿಯ ಹುಡುಗಿಯ ಪುಸ್ತಕ ಮನೆಯಲ್ಲಿ ಉಳಿಯುತ್ತದೆ, ತಮ್ಮನ ತೂಕ ಅವಳ ಸೊಂಟಕ್ಕೆ ಏರುತ್ತದೆ. ಸಂಸಾರದ ಓಟದ ಗೆರೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತಿರುವವಳು ಅವಳೇ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಕಡ್ಡಾಯ ಶಿಕ್ಷಣದ ಹಕ್ಕು ಕೊಟ್ಟಿದೆ. ಊರಲ್ಲಿ ಅಜ್ಜಿ ಇದ್ದರೆ ಮಗುವನ್ನು ಅವರ ಬಳಿ ಬಿಟ್ಟು ಹೋಗಿರಿ. ಇಲ್ಲವಾದರೆ ಹೊರಡುವ ಮುನ್ನ ಶಾಲೆಯ ಮೇಷ್ಟ್ರಿಗೆ ಒಂದು ಮಾತು ಹೇಳಿರಿ, ಗುರುಗಳಿಗೆ ಹೇಳಿರಿ, ಕನ್ಯಾಸ್ತ್ರೀಯರಿಗೆ ಹೇಳಿರಿ. ನೆರೆಯವರಾದ ನೀವು ಆ ಮನೆಯ ಮಗುವಿಗೆ ಆರು ತಿಂಗಳು ಒಂದು ಮೂಲೆ, ಎರಡು ರೊಟ್ಟಿ ಕೊಡಲಾರಿರೇ? ಇಂಥ ಒಂದು ಮಗುವನ್ನು ನನ್ನ ಹೆಸರಿನಲ್ಲಿ ಬರಮಾಡಿಕೊಂಡವನು ನನ್ನನ್ನೇ ಬರಮಾಡಿಕೊಳ್ಳುತ್ತಾನೆ ಎಂದು ಸ್ವಾಮಿ ಇಂದು ಹೇಳಿದ್ದು ಇದನ್ನೇ.

ಮೂರನೆಯದಾಗಿ, ಮಗುವಿಗೆ ಕಾಲ ಕೊಡಬೇಕು. ಹನ್ನೆರಡನೇ ವಯಸ್ಸಿನಲ್ಲಿ ಯೇಸು ಜೆರುಸಲೇಮಿನ ಮಹಾದೇವಾಲಯದಲ್ಲಿ ಪಂಡಿತರ ನಡುವೆ ಕುಳಿತು ಕೇಳಿದ ಪ್ರಶ್ನೆಗಳಿಗೆ, ಕೊಟ್ಟ ಉತ್ತರಗಳಿಗೆ ಎಲ್ಲರೂ ಬೆರಗಾದರು. ಅವರು ನಮ್ಮ ಮನೆಯ ಮಗನಾಗಿದ್ದರೆ ನಾವು ಏನು ಮಾಡುತ್ತಿದ್ದೆವು? ಮರುದಿನವೇ ವೇದಿಕೆ ಹತ್ತಿಸುತ್ತಿದ್ದೆವು, ಊರೂರಿಗೆ ಕರೆದೊಯ್ಯುತ್ತಿದ್ದೆವು. ಮಾತೆ ಮರಿಯ ಮತ್ತು ಸಂತ ಜೋಸೆಫರು ಮಗನನ್ನು ಕರೆದುಕೊಂಡು ಮನೆಗೆ ಹಿಂದಿರುಗಿದರು. ಅಲ್ಲಿ ನಜರೇತಿನಲ್ಲಿ ಅವರು ಜ್ಞಾನದಲ್ಲಿ, ಪ್ರಾಯದಲ್ಲಿ, ದೇವರ ಮತ್ತು ಮಾನವರ ದಯೆಯಲ್ಲಿ ಬೆಳೆದರು. ಬೋಧಿಸಲು ಹೊರಟಾಗ ಅವರಿಗೆ ಸುಮಾರು ಮೂವತ್ತು ವರ್ಷ. ಲೋಕರಕ್ಷಣೆಯಂಥ ತುರ್ತಿನ ಕೆಲಸ ಕಾದಿದ್ದರೂ ತಂದೆಯಾದ ದೇವರು ತಮ್ಮ ಮಗನಿಗೆ ಅಷ್ಟು ವರ್ಷ ಕೊಟ್ಟರು. ನಾವು ನಮ್ಮ ಮಕ್ಕಳಿಗೆ ಎಷ್ಟು ಕೊಡುತ್ತಿದ್ದೇವೆ? ಮೂರು ವರ್ಷಕ್ಕೆ ಇಂಗ್ಲಿಷ್ ಪದ್ಯ, ಐದಕ್ಕೆ ಟ್ಯೂಷನ್, ಹತ್ತನೇ ತರಗತಿಯಲ್ಲಿ ನೆರೆಮನೆಯ ಹುಡುಗಿಯ ಅಂಕ. ಹಡಗಲಿ ಮಲ್ಲಿಗೆಯ ತೋಟದಲ್ಲಿ ಮೊಗ್ಗು ಬಿಡಿಸುವ ತಾಯಂದಿರು ಇಲ್ಲಿದ್ದೀರಿ. ಬೇಗ ಅರಳಲಿ ಎಂದು ಯಾವ ಮೊಗ್ಗಿನ ಎಸಳನ್ನಾದರೂ ನೀವು ಬೆರಳಿನಿಂದ ಬಿಡಿಸಿದ್ದೀರಾ?

ಹಾಗೆಂದು ಸ್ಪರ್ಧೆಯೇ ಬೇಡ, ಎಲ್ಲರಿಗೂ ಮೊದಲ ಬಹುಮಾನ ಕೊಟ್ಟುಬಿಡಿ ಎಂದಲ್ಲ. ಎಲ್ಲರೂ ಓಡಿದರೂ ಬಹುಮಾನ ಒಬ್ಬನಿಗೇ ಎಂಬುದನ್ನು ಸಂತ ಪೌಲರು ಮುಚ್ಚಿಡಲಿಲ್ಲ. ಗೆದ್ದ ಮಗುವಿಗೆ ಗೆದ್ದ ಸಂತೋಷ ಸಿಗಲಿ, ಸೋತ ಮಗು ಎರಡು ಹನಿ ಕಣ್ಣೀರು ಹಾಕಲಿ, ಎರಡೂ ಬೆಳವಣಿಗೆಯೇ. ಆದರೆ ಸೋತ ಮಗುವನ್ನು ಮನೆಯಲ್ಲಿ ಎರಡನೇ ಸಾರಿ ಸೋಲಿಸಬೇಡಿ.

ಪ್ರಿಯ ಮಕ್ಕಳೇ, ಈಗ ನಿಮಗೊಂದು ಮಾತು. ಬೈಬಲಿನಲ್ಲಿ ಒಂದು ಚಂದದ ಓಟವಿದೆ, ಗೊತ್ತೇ? ಪುನರುತ್ಥಾನದ ಬೆಳಿಗ್ಗೆ ಪೇತ್ರ ಮತ್ತು ಪ್ರಭುವಿನ ಆಪ್ತ ಶಿಷ್ಯ ಸಮಾಧಿಯ ಕಡೆಗೆ ಓಡಿದರು. ಆ ಇನ್ನೊಬ್ಬ ಶಿಷ್ಯ ಪೇತ್ರನಿಗಿಂತ ವೇಗವಾಗಿ ಓಡಿ ಮೊದಲು ಮುಟ್ಟಿದ. ಆದರೆ ಒಳಗೆ ನುಗ್ಗಲಿಲ್ಲ. ಬಗ್ಗಿ ನೋಡಿ, ಏದುಸಿರು ಬಿಡುತ್ತಾ ಹಿಂದೆ ಬರುತ್ತಿದ್ದ ಪೇತ್ರನಿಗಾಗಿ ಕಾದು ನಿಂತ. ಹೈಸ್ಕೂಲಿನ ಅಣ್ಣಂದಿರೇ, ಅಕ್ಕಂದಿರೇ, ಅತಿ ವೇಗದ ಓಟಗಾರ ಅವನೇ, ಕಾದು ನಿಂತವನೂ ಅವನೇ. ಓಟದಲ್ಲಿ ನಿಮ್ಮ ಮುಂದೆ ಒಂದು ಮಗು ಬಿದ್ದರೆ ನಿಂತು ಎತ್ತಿರಿ. ಬಹುಮಾನ ಹೋದರೆ ಹೋಗಲಿ.

ತಂದೆತಾಯಂದಿರೇ, ಇಂದು ಮಧ್ಯಾಹ್ನವೇ ಇದನ್ನು ಆರಂಭಿಸೋಣ. ಒಂದು ಮತ್ತು ಎರಡನೇ ತರಗತಿಯ ಮಕ್ಕಳಿಗೆ ಮೊದಲು, ಬೇರೆಯೇ ಆದ ಐವತ್ತು ಮೀಟರ್ ಓಟ; ಆಗ ಅವರ ಹಿಂದೆ ಒಬ್ಬ ದೊಡ್ಡ ಹುಡುಗನೂ ಇರಬಾರದು. ಆಮೇಲೆ ಮೂರರಿಂದ ಐದು, ಆರರಿಂದ ಎಂಟು, ಕಡೆಗೆ ದೊಡ್ಡವರು. ಬಿಸಿಲು ಇಳಿದ ಮೇಲೆ ಓಟ, ಅದಕ್ಕೆ ಮೊದಲು ಎಲ್ಲರಿಗೂ ನೀರು. ಫೋಟೋ ತೆಗೆಯುವವರು ಓಟದ ದಾರಿಗೆ ಬರುವಂತಿಲ್ಲ. ಮುಗಿಯುವ ಗೆರೆಯ ಬಳಿ ಇಬ್ಬರು ತಾಯಂದಿರು ಕೈ ಚಾಚಿ ನಿಂತಿರಲಿ. ಎಲ್ಲರಿಗಿಂತ ಕಡೆಗೆ ಬರುವ ಮಗು ಅವರ ತೋಳಿಗೆ ಬಂದು ಸೇರುವ ತನಕ ಯಾರೂ ಮೈದಾನ ಬಿಟ್ಟು ಕದಲಬಾರದು. ಆ ಮಗುವಿನ ಅಪ್ಪ ಅಮ್ಮ ಇಲ್ಲಿಲ್ಲದಿರಬಹುದು, ಗುಳೆ ಹೋಗಿರಬಹುದು. ಹಾಗಿದ್ದರೆ ಅದನ್ನು ನಿಮ್ಮೊಂದಿಗೆ ಊಟಕ್ಕೆ ಕೂರಿಸಿಕೊಳ್ಳಿರಿ.

ಇನ್ನು ಸ್ವಲ್ಪ ಹೊತ್ತಿನಲ್ಲಿ ಈ ಬಲಿಪೀಠದ ಮೇಲೆ ರೊಟ್ಟಿ ದ್ರಾಕ್ಷಾರಸಗಳಲ್ಲಿ ಪ್ರಭು ನಮ್ಮ ನಡುವೆ ಇಳಿದುಬರುತ್ತಾರೆ. ಪರಮಪ್ರಸಾದಕ್ಕೆ ಬರುವಾಗ ಮಕ್ಕಳನ್ನು ನಿಮ್ಮ ಮುಂದೆ ತಳ್ಳಬೇಡಿ, ಹಿಂದೆ ಬಿಟ್ಟು ಬರಬೇಡಿ. ಕೈ ಹಿಡಿದು ಜೊತೆಯಲ್ಲಿ ಕರೆತನ್ನಿರಿ. ಇನ್ನೂ ಪರಮಪ್ರಸಾದ ಸ್ವೀಕರಿಸದ ಎಳೆಯರ ತಲೆಯ ಮೇಲೆ ನಾನು ಕೈಯಿಟ್ಟು ಆಶೀರ್ವದಿಸುತ್ತೇನೆ.

ಓ ಬಾಲಯೇಸುವೇ, ಮುರಿದ ಕೈಗಳಿಂದಲೂ ನಮ್ಮನ್ನು ಆಶೀರ್ವದಿಸಿದ ಪ್ರಭುವೇ, ನಮ್ಮ ಮಕ್ಕಳ ಪಾದಗಳನ್ನು ಕಾಪಾಡು. ಅವರ ಮುಂದೆ ನಿಲ್ಲುವ ಧೈರ್ಯವನ್ನೂ, ಅವರ ಹೆಜ್ಜೆಗೆ ಹೆಜ್ಜೆ ಹಾಕುವ ತಾಳ್ಮೆಯನ್ನೂ ನಮಗೆ ಕೊಡು. ಗುಳೆ ಹೋದವರ ಮಕ್ಕಳನ್ನು, ತಾಯಿಯಿಲ್ಲದ ಮಕ್ಕಳನ್ನು, ಓಡಲು ಕಾಲಿಲ್ಲದ ಮಕ್ಕಳನ್ನು ನಮ್ಮ ನಡುವೆಗೆ ಕರೆತರುವ ಕೃಪೆಯನ್ನು ಕರುಣಿಸು. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ. ಆಮೆನ್.